ಗಂಜಿಗೆ ಕೊನೆಯ ಜಾಗ

ಬೈಪಾಸ್ ಆಗಿದೆ ಅಂದರೆ ನಮ್ಮ ಅಂಕೋಲೆ ಕಡೆ ಜನ ಮೊದಲು ಎದೆಯತ್ತ ನೋಡುತ್ತಾರೆ. ನನ್ನದು ಹೊಟ್ಟೆಯ ಬೈಪಾಸ್. 2021ರಲ್ಲಿ, ತೂಕಕ್ಕಿಂತ ಹೆಚ್ಚಾಗಿ ಶುಗರಿಗೆ ಹೆದರಿ ಮಾಡಿಸಿಕೊಂಡದ್ದು. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿ ಹಿಡಿಯುವ ಪುಟ್ಟ ಚೀಲ ಉಳಿಸಿ, ಅದನ್ನು ಸಣ್ಣ ಕರುಳಿಗೆ ಸ್ವಲ್ಪ ಕೆಳಗೆ ಜೋಡಿಸುತ್ತಾರೆ. ಕರುಳಿನ ಮೊದಲ ಭಾಗದಲ್ಲಿ ಊಟ ಹಾಯುವುದೇ ಇಲ್ಲ. ಕಬ್ಬಿಣ, ಕ್ಯಾಲ್ಸಿಯಂ ಹೆಚ್ಚಾಗಿ ಮೈಗೆ ಸೇರುವುದು ಅಲ್ಲೇ. ಡಾಕ್ಟರು ಚಿತ್ರ ಬರೆದು ಹೇಳಿದ್ದರು, ನಾನು ತಲೆಯಾಡಿಸಿದ್ದೆ. ತಲೆಗೆ ಹೋದದ್ದು ಎರಡು ವರ್ಷದ ಮೇಲೆ.

ಶುರುವಿನ ವಾರಗಳು ಬರೀ ತಿಳಿ, ಆಮೇಲೆ ನುಣ್ಣಗೆ ಅರೆದದ್ದು. ಅದು ಹೇಗೋ ಕಳೆಯಿತು. ನಿಜವಾದ ಜಗಳ ಗಂಜಿಯದು. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು ಅಂದಿದ್ದರು. ನಾನೋ ಬೆಳಿಗ್ಗೆ ನಾಲ್ಕು ಚಮಚ ಕುಚ್ಚಲಕ್ಕಿ ಗಂಜಿ ಉಂಡರೆ ಹೊಟ್ಟೆ ಬಿರಿಯುವಷ್ಟು ತುಂಬಿತು ಅಂತ ಏಳುತ್ತಿದ್ದೆ. ನಾಲ್ಕನೇ ತಿಂಗಳಿಗೆ ಬಚ್ಚಲ ಜಾಲರಿಯಲ್ಲಿ ಕೂದಲಿನ ಮುದ್ದೆ. ತೂಕ ಬೇಗ ಇಳಿದಾಗ ಕೂದಲು ಉದುರುವುದು ಸಹಜವೇ, ಆದರೆ ಡಯಟಿಷಿಯನ್ ಹೇಳಿದಂತೆ ಒಂದು ವಾರ ತಿಂದದ್ದನ್ನೆಲ್ಲ ಬರೆದು ನೋಡಿದರೆ ನನ್ನ ಲೆಕ್ಕ 35 ಗ್ರಾಂ ದಾಟುತ್ತಿರಲಿಲ್ಲ.

ಅಂದಿನಿಂದ ತಟ್ಟೆಯಲ್ಲಿ ಸರದಿ ಬದಲಾಯಿತು. ಮೊದಲು ಬಂಗಡೆಯ ತುಂಡು, ಆಮೇಲೆ ಪಲ್ಯ, ಜಾಗ ಉಳಿದರೆ ಗಂಜಿ. ಐವತ್ತು ಗ್ರಾಂ ಬಂಗಡೆಗೆ ಹತ್ತು ಗ್ರಾಂ ಹತ್ತಿರ ಪ್ರೋಟೀನ್ ಸಿಗುತ್ತದೆ, ಒಂದು ಮೊಟ್ಟೆಗೆ ಆರು. ಬಳಚು ಅನ್ನುವ ಚಿಪ್ಪುಮೀನಿನಲ್ಲಿ ಬಿ12, ಕಬ್ಬಿಣ ಎರಡೂ ಚೆನ್ನಾಗಿರುತ್ತವೆ, ಅಘನಾಶಿನಿ ಹೊಳೆಯ ಬಳಚು ಬಂದ ದಿನ ನನಗೆ ಹಬ್ಬ. ಅಗಿಯುವುದು ಮಾತ್ರ ತುಂಬ ಹೊತ್ತು. ಅತ್ತೆ ತಿಂಗಳುಗಟ್ಟಲೆ ಗೊಣಗಿದರು: "ಗಂಜಿ ಉಣ್ಣದಿದ್ರೆ ಜೀವ ಹ್ಯಾಂಗೆ ನಿಲ್ತದೆ ತಂಗಿ?" ಈಗ ಅವರೇ ಮೀನಿನ ಮುಳ್ಳು ಬಿಡಿಸಿ ಮೊದಲು ನನಗೆ ಬಡಿಸುತ್ತಾರೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಲ್ಲ, ಆ ಎರಡು ತಿಂಗಳು ಮೊಟ್ಟೆ, ಹುರುಳಿ, ಪ್ರೋಟೀನ್ ಪುಡಿಯೇ ಗತಿ. ಒಣಮೀನಿನ ಉಪ್ಪು ನನಗೆ ಆಗಿಬರಲಿಲ್ಲ. ಪುಡಿಯ ದೊಡ್ಡ ಡಬ್ಬಿ ತಂದು ಮೊದಲ ಮಳೆಗಾಲ ದುಡ್ಡು ಕಳೆದುಕೊಂಡೆ, ಜುಲೈಯೊಳಗೆ ಕಲ್ಲುಗಟ್ಟಿತ್ತು. ಈಗ ಚಿಕ್ಕ ಪ್ಯಾಕೆಟ್ಟು ಮಾತ್ರ.

ನೀರಿನದು ಇನ್ನೊಂದು ಪಾಡು. ಉಂಡ ಮೇಲೆ ಅರ್ಧ ತಾಸು ಕುಡಿಯುವಂತಿಲ್ಲ, ನಮ್ಮ ಏಪ್ರಿಲ್ ಸೆಕೆಯಲ್ಲಿ ಗಡಿಯಾರ ನೋಡುತ್ತ ಕೂರಬೇಕು. ಸಿಹಿಗೂ ಹೊಟ್ಟೆ ಒಪ್ಪುವುದಿಲ್ಲ. ಒಂದು ಮೇ ತಿಂಗಳಲ್ಲಿ ಕರಿ ಇಶಾಡ ಮಾವಿನಹಣ್ಣಿನ ರಸಾಯನ, ಬೆಲ್ಲ ಹಾಕಿದ್ದು, ಅರ್ಧ ಬಟ್ಟಲು ತಿಂದೆ. ಕಾಲು ತಾಸಿನೊಳಗೆ ಎದೆ ಢವಢವ, ಮೈಯೆಲ್ಲ ಬೆವರು. ಚಾವಡಿಯಲ್ಲೇ ಮಲಗಿಬಿಟ್ಟೆ. ಸಿಹಿ ಒಮ್ಮೆಲೇ ಕರುಳಿಗೆ ಇಳಿದು ಹೀಗಾಗುವುದಕ್ಕೆ ಡಂಪಿಂಗ್ ಅನ್ನುತ್ತಾರಂತೆ. ಮನೆಯವರು ಹಾರ್ಟ್ ಅಟ್ಯಾಕ್ ಅಂದುಕೊಂಡಿದ್ದರು.

ನನ್ನ ದೊಡ್ಡ ತಪ್ಪು ಮಾತ್ರೆಗಳದ್ದು. ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ, ಮಲ್ಟಿವಿಟಮಿನ್ ಎಲ್ಲ ಒಂದೇ ಮುಷ್ಟಿ, ಮೇಲೆ ಚಹಾ. ಕ್ಯಾಲ್ಸಿಯಂ ಕಬ್ಬಿಣವನ್ನು ತಡೆಯುತ್ತದೆ, ಚಹಾವೂ ತಡೆಯುತ್ತದೆ. ಅಂಗಡಿಯವರು "ಎಲ್ಲ ಒಂದೇ" ಅಂತ ಕೊಟ್ಟ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಕರಗಲು ಹೊಟ್ಟೆಯ ಆಮ್ಲ ಬೇಕು, ನನ್ನ ಚೀಲದಲ್ಲಿ ಅದು ಹೆಸರಿಗಷ್ಟೇ. ನನಗೆ ಬೇಕಿದ್ದದ್ದು ಆಮ್ಲ ಇಲ್ಲದೆಯೂ ಮೈಗೆ ಹತ್ತುವ ಕ್ಯಾಲ್ಸಿಯಂ ಸಿಟ್ರೇಟ್. ಬಿ12 ಅಂತೂ ಬೇಸರ ಬಂದು ನಿಲ್ಲಿಸಿದ್ದೆ. 2023ರ ಹೊತ್ತಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಪಾದದಲ್ಲಿ ಇರುವೆ ಹರಿದಂತೆ ಜುಮುಜುಮು. ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ ಹೇಳುವ ಫೆರಿಟಿನ್ ತಳ ಕಂಡಿತ್ತು. ಡ್ರಿಪ್ಪಿನಲ್ಲಿ ಕಬ್ಬಿಣ ಹಾಕಿಸಿಕೊಳ್ಳಬೇಕಾಯಿತು, ಬಿ12 ಇಂಜೆಕ್ಷನ್ ಈಗಲೂ ತಿಂಗಳಿಗೊಂದು.

ಈಗ ಕಬ್ಬಿಣ ರಾತ್ರಿ ಮಲಗುವಾಗ, ಲಿಂಬೆ ಹಿಂಡಿದ ನೀರಿನ ಜೊತೆ. ಕ್ಯಾಲ್ಸಿಯಂ ಸಿಟ್ರೇಟ್ ಒಂದು ಸಲಕ್ಕೆ 500 ಮಿಲಿಗ್ರಾಂ ಮೀರದಂತೆ ಹಗಲು ಮೂರು ಸಲ, ಕಬ್ಬಿಣಕ್ಕೂ ಅದಕ್ಕೂ ಎರಡು ತಾಸಿನ ಅಂತರ. ಇದು ನನ್ನ ರಕ್ತದ ರಿಪೋರ್ಟು ನೋಡಿ ಬರೆದ ಚೀಟಿ. ಮೊನ್ನೆ ಕುಮಟೆಯಿಂದ ಒಬ್ಬರು ಫೋನ್ ಮಾಡಿ ಮಾತ್ರೆಗಳ ಹೆಸರು ಕೇಳಿದರು. ನಾನು ತಿರುಗಿ ಕೇಳಿದ್ದು ಎರಡೇ: ಜಠರವನ್ನು ಕೊಳವೆಯಂತೆ ಕಿರಿದು ಮಾಡುವ ಸ್ಲೀವೋ, ನನ್ನಂತೆ ಬೈಪಾಸೋ? ಕೊನೆಯ ರಕ್ತಪರೀಕ್ಷೆ ಯಾವಾಗ ಆಯ್ತು? ಎರಡನೆಯದಕ್ಕೆ ಆಚೆಯಿಂದ ಸದ್ದಿಲ್ಲ.