ಎಂಟು ತಿಂಗಳು ಬಿಟ್ಟು ಮತ್ತೆ ಬಾರ್‌ಗೆ ಜೋತುಬಿದ್ದ ಕತೆ

ಮೊದಲೇ ಹೇಳಿಬಿಡುತ್ತೇನೆ, ಇದು ನಮ್ಮ ಮಹಡಿ ಮೇಲಿನ ಪುಲ್ ಅಪ್ ಬಾರ್, ಅಂದರೆ ಜೋತುಬಿದ್ದು ಮೈಯನ್ನು ಮೇಲಕ್ಕೆ ಎಳೆಯುವ ಕಂಬಿ. "ಮತ್ತೆ ಬಾರ್ ಶುರು ಮಾಡಿದೆ ಕಣೋ" ಅಂತ ಗೆಳೆಯನಿಗೆ ಮೆಸೇಜ್ ಹಾಕಿದ್ದಕ್ಕೆ ಅವನು ಗಾಬರಿಯಾಗಿ ಫೋನ್ ಮಾಡಿದ್ದ.

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಕೆಲಸಕ್ಕೆ ಎಂಟು ತಿಂಗಳು ದಿನಾ ರೈಲಿನಲ್ಲಿ ಓಡಾಡಿದೆ. ಕತ್ತಲಲ್ಲಿ ಮನೆ ಬಿಟ್ಟರೆ ರಾತ್ರಿ ಊಟದ ಹೊತ್ತಿಗೆ ವಾಪಸ್. ಯಶವಂತಪುರದಲ್ಲಿ ಇಳಿದು ಬಸ್ಸಿಗೆ ಓಡುವುದೇ ವ್ಯಾಯಾಮ. ಅದಕ್ಕೂ ಮುಂಚೆ ನಾನು ಒಂದೇ ಸಲಕ್ಕೆ 12 ಪುಲ್ ಅಪ್, 40 ಪುಶ್ ಅಪ್ ಹೊಡೆಯುತ್ತಿದ್ದವನು. ಈ 12 ಅನ್ನೋ ಲೆಕ್ಕ ತಲೆಯಲ್ಲಿ ಕೂತಿದ್ದೇ ಮುಂದೆ ಎಡವಟ್ಟಾಯಿತು.

ಊರಿಗೇ ಕೆಲಸ ಬದಲಾದ ಮೇಲೆ ಮೊದಲ ದಿನ 4 ಆಯಿತು, ಅದರಲ್ಲೂ ಕೊನೆಯದು ಕಾಲು ಒದರಿಕೊಂಡು. ಒಂದೇ ವಾರಕ್ಕೆ 7, ಮೂರನೇ ವಾರ 9. ಖುಷಿಯೋ ಖುಷಿ! ದಿನಾ ಬೆಳಿಗ್ಗೆ ಐದು ಸೆಟ್, ಒಂದೊಂದನ್ನೂ ಕೈ ಜಾರುವ ತನಕ ಎಳೆದೆ. ಮೊದಲು ಮಾಡಿದ್ದ ಮೈಗೆ ಶಕ್ತಿ ಬೇಗ ವಾಪಸ್ ಬರುತ್ತದೆ, ಅದು ನಿಜ. ಆದರೆ ಮಾಂಸಖಂಡವನ್ನು ಮೂಳೆಗೆ ಕಟ್ಟಿ ಹಿಡಿದಿರುವ ಹುರಿ ಇದೆಯಲ್ಲ, ಡಾಕ್ಟರ್‌ಗಳು ಟೆಂಡನ್ ಅನ್ನುತ್ತಾರಲ್ಲ, ಅದಕ್ಕೆ ರಕ್ತ ಹೋಗುವುದೇ ಕಮ್ಮಿ, ಹಾಗಾಗಿ ಮಾಂಸಖಂಡ ವಾರದಲ್ಲಿ ಮಾಡಿದ್ದಕ್ಕೆ ಅದು ತಿಂಗಳುಗಟ್ಟಲೆ ತಗೊಳ್ಳುತ್ತದೆ. ಇದು ನನಗೆ ಗೊತ್ತಾಗಿದ್ದು ಅಡುಗೆಮನೆಯಲ್ಲಿ.

ಅಮ್ಮನಿಗೆ ಮಣಿಕಟ್ಟು ನೋವು, ಅದಕ್ಕೆ ಸಂಜೆ ಮುದ್ದೆ ತಿರುವುವುದು ನನ್ನ ಪಾಲಿನ ಕೆಲಸ. ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೋಲು ಒಂದು ಸುತ್ತು ತಿರುಗಿಸಿದೆ ನೋಡಿ, ಬಲ ಮೊಣಕೈ ಒಳಗಡೆ ಮೂಳೆ ಹತ್ತಿರ ಸೂಜಿ ಚುಚ್ಚಿದ ಹಾಗಾಯಿತು. ಕೋಲು ಬಿಟ್ಟುಬಿಟ್ಟೆ. "ಏನಾಯ್ತೋ?" ಅಂದರು ಅಮ್ಮ. ಏನಿಲ್ಲ ಅಂದೆ. ಮಾರನೇ ದಿನ ಚೊಂಬು ಎತ್ತಲೂ ನೋವು. ಪರಿಚಯದ ಫಿಸಿಯೋ ಒಬ್ಬರು ಕೈ ತಿರುಗಿಸಿ ನೋಡಿ, ಇದು ಮೊಣಕೈ ಒಳಗಡೆಯ ಟೆಂಡನ್ ನೋವು, ಇದಕ್ಕೆ ಗಾಲ್ಫರ್ಸ್ ಎಲ್ಬೋ ಅನ್ನುತ್ತಾರೆ ಅಂದರು. ಗಾಲ್ಫ್ ಕೋಲನ್ನು ನಾನು ಟಿವಿಯಲ್ಲಿ ಬಿಟ್ಟು ಎಲ್ಲೂ ನೋಡಿದವನಲ್ಲ! ಪೂರ್ತಿ ಬಿಡಬೇಡಿ, ಭಾರ ಇಳಿಸಿ ಅನ್ನೋದು ಅವರ ಮಾತು.

ಹತ್ತು ದಿನ ಬಾರ್ ಮುಟ್ಟಲಿಲ್ಲ. ಆಮೇಲೆ ಸೊಂಟದ ಎತ್ತರಕ್ಕೆ ಇನ್ನೊಂದು ಪೈಪ್ ಕಟ್ಟಿದೆ. ಅದರ ಕೆಳಗೆ ಅಂಗಾತ ಜೋತುಬಿದ್ದು, ಹಿಮ್ಮಡಿ ನೆಲಕ್ಕೆ ಊರಿ, ಎದೆಯನ್ನು ಪೈಪಿಗೆ ಎಳೆಯುವುದು. ಅರ್ಧ ಭಾರ ಕಾಲಿನ ಮೇಲಿರುತ್ತದೆ, ಮೊಣಕೈ ತಕರಾರು ಮಾಡಲಿಲ್ಲ. ಮೂರು ವಾರದ ಮೇಲೆ ನಿಜವಾದ ಪುಲ್ ಅಪ್‌ಗೆ ಬಂದೆ. ಸೋಮವಾರ, ಬುಧವಾರ, ಶುಕ್ರವಾರ ಮಾತ್ರ. 6 ಆಗುತ್ತಿತ್ತು, 3ಕ್ಕೆ ನಿಲ್ಲಿಸುತ್ತಿದ್ದೆ. ಹಾಗೆ ಮೂರು ಸೆಟ್. ನಿಲ್ಲಿಸೋದೇ ಕಷ್ಟ ಸ್ವಾಮಿ, ಎಳೆಯೋದು ಏನೂ ಅಲ್ಲ. ಮೇಲೆ ಹೋಗುವ ವೇಗ ಒಂಚೂರು ಕಮ್ಮಿಯಾಯಿತು ಅಂದರೆ ಕೈ ಬಿಡಬೇಕು, ಇನ್ನೊಂದು ಆಗುತ್ತೆ ಅನ್ನಿಸಿದರೂ. ವಾರಕ್ಕೆ ಒಂದೇ ಒಂದು ಸೆಟ್‌ನಲ್ಲಿ ಒಂದು ಜಾಸ್ತಿ. ಪ್ರತಿ ನಾಲ್ಕನೇ ವಾರ ಅರ್ಧಕ್ಕರ್ಧ ಕಮ್ಮಿ. ಲೆಕ್ಕವನ್ನು ಗೋಡೆ ಕ್ಯಾಲೆಂಡರ್‌ನಲ್ಲಿ ಬರೆದಿಡುತ್ತಿದ್ದೆ, ಅಮ್ಮ ಅಲ್ಲೇ ಹಾಲಿನ ಲೆಕ್ಕ ಬರೆಯೋದು. ತಿಂಗಳ ಕೊನೆಗೆ "ದಿನ ಬಿಟ್ಟು ದಿನ ಮೂರು ಮೂರು ಲೀಟರ್ ಯಾವಾಗ ತಗೊಂಡ್ವೋ?" ಅಂತ ಕೂತಿದ್ದರು.

ಯಾವ ನೋವಿಗೆ ಹೆದರಬೇಕು ಅನ್ನೋದು ಈಗ ಗೊತ್ತಾಗಿದೆ. ಮಾಂಸಖಂಡದ ನೋವು ಅಗಲವಾಗಿರುತ್ತದೆ, ಅಂಗೈಯಿಟ್ಟು ತೋರಿಸಬೇಕು, ಎರಡು ಮೂರು ದಿನಕ್ಕೆ ಹೋಗುತ್ತದೆ. ಟೆಂಡನ್ ನೋವನ್ನು ಒಂದೇ ಬೆರಳಲ್ಲಿ ತೋರಿಸಬಹುದು. ಮಾರನೇ ಬೆಳಿಗ್ಗೆ ಬಚ್ಚಲಲ್ಲಿ ತುಂಬಿದ ಬಕೆಟ್ ಎತ್ತುವಾಗ ಆ ಜಾಗ ಚುರುಕ್ ಅಂದರೆ ಆ ವಾರ ಏರಿಕೆ ಇಲ್ಲ.

ಕಾಲಿಗೆ ಒಂದು ಭಾನುವಾರ ಸಿದ್ಧಗಂಗೆ ಬೆಟ್ಟದ ಮೆಟ್ಟಿಲು ಹತ್ತಿದೆ. ಹತ್ತುವಾಗ ಏದುಸಿರು ಅಷ್ಟೇ. ಇಳಿದಿದ್ದಕ್ಕೆ ಮಂಗಳವಾರದ ತನಕ ಕಮೋಡ್ ಮೇಲೆ ಕೂರಲೂ ಗೋಡೆ ಹಿಡಿಯಬೇಕಾಯಿತು. ಮಾಂಸಖಂಡ ಉದ್ದವಾಗುತ್ತಾ ಭಾರ ತಡೆಯುವಾಗಲೇ ಜಾಸ್ತಿ ನೋವು ಬರೋದು, ಬಾರ್‌ನಿಂದ ನಿಧಾನಕ್ಕೆ ಇಳಿಯೋದೂ ಅದೇ ಜಾತಿ. ಹಾಗಾಗಿ ಅದನ್ನು ವಾರಕ್ಕೊಮ್ಮೆ, ಮೂರೇ ಸಲ, ಐದು ಎಣಿಸುತ್ತಾ ಇಳಿದೆ. ಇನ್ನೊಂದು ಮಾತು. ಬಹಳ ದಿನ ಬಿಟ್ಟವರು ಪಂಥ ಕಟ್ಟಿ 200 ಬಸ್ಕಿ ಹೊಡೆಯಬೇಡಿ. ಆಮೇಲೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮನೆಮದ್ದು ಗಿನೆಮದ್ದು ಅಂತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ, ಕಿಡ್ನಿಗೆ ಹೊಡೆತ ಬೀಳಬಹುದು.

ಊಟ ವಿಶೇಷ ಏನಿಲ್ಲ. ಮುದ್ದೆ, ಹುರುಳಿಕಾಳು ಸಾರು, ಎರಡು ಮೊಟ್ಟೆ. ನಿದ್ದೆ ಕೆಟ್ಟ ದಿನ ಬಾರ್‌ಗೆ ರಜೆ.

ಐದು ತಿಂಗಳಾಯಿತು, 10ಕ್ಕೆ ಬಂದಿದ್ದೇನೆ. 12 ಇನ್ನೂ ಆಗಿಲ್ಲ. ಹೋದ ಭಾನುವಾರ ನೆಂಟರು ಬಂದಿದ್ದರು, ಹತ್ತು ಮುದ್ದೆ ಆಗುವಷ್ಟು ಹಿಟ್ಟು ತಿರುವಿದೆ. ಮೊಣಕೈ ಏನೂ ಅನ್ನಲಿಲ್ಲ. ಹಿಟ್ಟು ಮಾತ್ರ ಅಲ್ಲಲ್ಲಿ ಗಂಟು ಕಟ್ಟಿತ್ತು.