ಮನೆಗೆ ತಂದ ಎಲೆಕ್ಟ್ರಿಕ್ ಗಿಟಾರ್ ಬೇಡ ಅನಿಸಿದರೆ: ವಾಪಸ್ ಕೊಡುವ ಮೊದಲು ಏನೇನು ನೋಡಬೇಕು

ಅಂಗಡಿಯಲ್ಲಿ ಹಿಡಿದಾಗ ಬೆಣ್ಣೆಯಂತಿದ್ದ ಗಿಟಾರ್ ಮನೆಗೆ ಬಂದ ಮೇಲೆ ಬೇರೆಯೇ ವಾದ್ಯ ಅನಿಸುತ್ತದೆ. ತಂತಿ ಒತ್ತಿದರೆ ಬೆರಳ ತುದಿ ಉರಿಯುತ್ತದೆ, ಐದನೇ ಫ್ರೆಟ್ (ಗಿಟಾರ್‌ನ ಕತ್ತಾದ ನೆಕ್‌ನ ಮೇಲಿನ ಲೋಹದ ಅಡ್ಡಪಟ್ಟಿ) ಹತ್ತಿರ ಝರ್ ಅನ್ನುತ್ತದೆ, ಆಂಪ್‌ಗೆ (ಸದ್ದು ಜೋರು ಮಾಡುವ ಆಂಪ್ಲಿಫೈಯರ್‌ಗೆ) ಸಿಕ್ಕಿಸಿದರೆ ಡಬ್ಬದೊಳಗೆ ನೊಣ ಕೂಡಿಹಾಕಿದಂಥ ಸದ್ದು. ದುಡ್ಡು ನೀರಿಗೆ ಹಾಕಿದೆವು ಅನ್ನುವ ಸಂಕಟ ಶುರುವಾಗುವುದು ಇಲ್ಲಿಂದಲೇ. ಕುಣಿಯಲಾರದವರು ನೆಲ ಡೊಂಕು ಅಂದರಂತೆ ಅನ್ನುವ ಗಾದೆ ಇಲ್ಲಿ ಅರ್ಧ ಮಾತ್ರ ನಿಜ: ಹೊಸ ಗಿಟಾರ್‌ನ ನೆಲ ಎಷ್ಟೋ ಸಲ ನಿಜಕ್ಕೂ ಡೊಂಕಾಗಿಯೇ ಇರುತ್ತದೆ. ಆದರೆ ಆ ಡೊಂಕನ್ನು ಒಂದು ಅಲೆನ್ ಕೀಯಿಂದ ಅರ್ಧ ಗಂಟೆಯಲ್ಲಿ ಸರಿ ಮಾಡಬಹುದೋ, ಗಿಟಾರನ್ನೇ ಹಿಂದಿರುಗಿಸಬೇಕೋ ಅನ್ನುವುದನ್ನು ಮೊದಲು ಪತ್ತೆ ಮಾಡಬೇಕು.

ಮೊದಲು ಗಡುವು

ರಸೀದಿ ತೆಗೆದು ವಾಪಸ್ ಕೊಡಲು ಇರುವ ಕೊನೆಯ ದಿನ ಯಾವುದೆಂದು ನೋಡಿ. ಅದಕ್ಕೆ ಮೂರು ದಿನ ಮೊದಲಿನ ತಾರೀಕನ್ನು ನಿಮ್ಮ ಗಡುವು ಎಂದು ಇಟ್ಟುಕೊಳ್ಳಿ. ಅಲ್ಲಿಯವರೆಗೆ ಪೆಟ್ಟಿಗೆ, ಒಳಗಿನ ಥರ್ಮೊಕೋಲ್, ಹೆಸರಚೀಟಿ ಯಾವುದನ್ನೂ ಬಿಸಾಡಬೇಡಿ. ದೇಹದ ಮುಂಭಾಗದ ಪಿಕ್‌ಗಾರ್ಡ್ ತಟ್ಟೆಯ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕೀಳಬೇಡಿ. ನುಡಿಸುವಾಗ ಬೆಲ್ಟ್ ಬಕಲ್, ಅಂಗಿಯ ಲೋಹದ ಗುಂಡಿ ಗಿಟಾರ್‌ನ ಬೆನ್ನಿಗೆ ತಾಗದಂತೆ ನೋಡಿಕೊಳ್ಳಿ. ಒಂದು ಗೀರು ಬಿದ್ದರೆ ವಾಪಸಿನ ಮಾತುಕತೆಯೇ ಬೇರೆಯಾಗುತ್ತದೆ. ನಾಲ್ಕೂ ಕಡೆಯಿಂದ ಫೋಟೊ ತೆಗೆದಿಡಿ. ತಂತಿ ಬದಲಿಸಿದರೆ, ಟ್ರಸ್ ರಾಡ್ (ನೆಕ್‌ನ ಬಾಗು ತಿದ್ದಲು ಅದರೊಳಗಿರುವ ಲೋಹದ ಸರಳು) ತಿರುಗಿಸಿದರೆ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಮಾರಿದವರನ್ನು ಒಂದು ಸಾಲಿನ ಸಂದೇಶದಲ್ಲಿ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ. ಪಿಕಪ್ (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಭಾಗ) ಬದಲಾವಣೆ, ತೂತು ಕೊರೆಯುವುದು, ಬೆಸುಗೆ ಹಾಕುವುದು ಇವೆಲ್ಲ ಗಡುವು ಮುಗಿದು ಗಿಟಾರ್ ನಿಮ್ಮದೇ ಎಂದು ತೀರ್ಮಾನವಾದ ಮೇಲಿನ ಮಾತು.

ಗಿಟಾರ್ ದೂರದಿಂದ ಬಂದಿದ್ದರೆ ಒಂದು ದಿನ ಕೋಣೆಯ ಹವೆಗೆ ಒಗ್ಗಲು ಬಿಡಿ. ಮರ ತೇವ ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಅದರ ಜೊತೆಗೆ ನೆಕ್‌ನ ಬಾಗೂ ಬದಲಾಗುತ್ತದೆ. ಗಾಳಿಯ ತೇವಾಂಶ ಶೇ. 45ರಿಂದ 55ರ ಒಳಗಿದ್ದರೆ ಗಿಟಾರ್‌ಗೆ ಹಿತ. ನೆಕ್‌ನ ಅಂಚಿನಲ್ಲಿ ಕೈಯಾಡಿಸಿದಾಗ ಫ್ರೆಟ್ ತುದಿಗಳು ಗರಗಸದ ಹಲ್ಲಿನಂತೆ ಚುಚ್ಚಿದರೆ ಮರ ಒಣಗಿ ಕುಗ್ಗಿದೆ ಎಂದರ್ಥ.

ಸದ್ದು ಹಿಡಿಸದಿದ್ದರೆ ಗಿಟಾರನ್ನು ಆಮೇಲೆ ಬೈಯಿರಿ

ಅಂಗಡಿಯಲ್ಲಿ ನೀವು ಕೇಳಿದ್ದು 12 ಇಂಚಿನ ಸ್ಪೀಕರ್ ಇರುವ ಆಂಪ್ ಇರಬಹುದು, ಅದೂ ಜೋರಾಗಿ. ಮನೆಯಲ್ಲಿರುವುದು ಪುಟ್ಟ ಸ್ಪೀಕರ್, ಪಕ್ಕದ ಮನೆಯವರಿಗೆ ಕೇಳಿಸದಷ್ಟು ಮೆಲ್ಲಗೆ. ಸದ್ದು ತಗ್ಗಿದಷ್ಟೂ ನಮ್ಮ ಕಿವಿಗೆ ಮಂದ್ರ ಹೆಚ್ಚಾಗಿ ಕಳೆದುಹೋಗುತ್ತದೆ, ತೀಕ್ಷ್ಣ ಸ್ವರಗಳೂ ಸ್ವಲ್ಪ ಮಸುಕಾಗುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು ಇದನ್ನು 1933ರಲ್ಲೇ ಅಳೆದು ನಕ್ಷೆ ಹಾಕಿದ್ದಾರೆ. ಹಾಗಾಗಿ ಅದೇ ಗಿಟಾರ್ ಮನೆಯಲ್ಲಿ ಸಪ್ಪೆ ಅನಿಸುವುದರಲ್ಲಿ ಆಶ್ಚರ್ಯವಿಲ್ಲ.

ನೊಣದ ಸದ್ದಿಗೆ ಇನ್ನೊಂದು ಕಾರಣವಿದೆ. ಗಿಟಾರ್ ಆಂಪ್‌ನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಬೇಗನೆ ಮೌನವಾಗುತ್ತದೆ. ಡಿಸ್ಟಾರ್ಷನ್‌ನ (ಬೇಕೆಂದೇ ಒಡೆದ ಸದ್ದಿನ) ಕರಕರ ಇರುವುದು ಬಹುಪಾಲು ಅದರಿಂದಾಚೆಯೇ. ಪೆಡಲ್‌ನಿಂದ ನೇರ ಹೆಡ್‌ಫೋನ್‌ಗೋ ಕಂಪ್ಯೂಟರ್ ಸ್ಪೀಕರ್‌ಗೋ ಸಿಕ್ಕಿಸಿದರೆ ಆ ಕರಕರವೆಲ್ಲ ಸೋಸದೆ ಕಿವಿಗೆ ಬರುತ್ತದೆ. ಕ್ಯಾಬಿನೆಟ್ ಸಿಮ್ಯುಲೇಷನ್ (ಆಂಪ್ ಸ್ಪೀಕರ್‌ನಂತೆಯೇ ಸದ್ದು ಸೋಸುವ ಸೌಲಭ್ಯ) ಚಾಲೂ ಮಾಡಿ ನೋಡಿ. ಅರ್ಧ ದೂರು ಅಲ್ಲಿಗೇ ಮುಗಿಯಬಹುದು.

ಆಂಪ್ ಇದ್ದರೆ ಎಲ್ಲ ಪ್ರೀಸೆಟ್, ರಿವರ್ಬ್ ತೆಗೆದು ಹೀಗೆ ಶುರು ಮಾಡಿ: ಹತ್ತರ ಅಳತೆಯಲ್ಲಿ ಗೇನ್ (ಸದ್ದು ಒಡೆಯುವ ಪ್ರಮಾಣ) 3, ಬೇಸ್ 5, ಮಿಡ್ (ನಡುವಿನ ಸ್ವರಗಳು) 6, ಟ್ರೆಬಲ್ 5, ಗಿಟಾರ್‌ನ ವಾಲ್ಯೂಮ್ 8, ಟೋನ್ 7. ಹೊಸಬರು ಗೇನ್ ಕೊನೆಗೆ ತಿರುಗಿಸಿ ಮಿಡ್ ಸೊನ್ನೆಗೆ ಇಳಿಸುತ್ತಾರೆ, ಆಮೇಲೆ ಗಿಟಾರ್‌ಗೆ ಜೀವವಿಲ್ಲ ಅನ್ನುತ್ತಾರೆ. ಗಿಟಾರ್‌ನ ದನಿ ಇರುವುದೇ ಮಿಡ್‌ನಲ್ಲಿ. ಆಂಪನ್ನು ನೆಲದ ಮೇಲಿಡದೆ ಕುರ್ಚಿಯ ಮೇಲಿಟ್ಟು ಕಿವಿಯ ಕಡೆ ತಿರುಗಿಸಿ, ಏಕೆಂದರೆ ತೀಕ್ಷ್ಣ ಸ್ವರಗಳು ಸ್ಪೀಕರ್‌ನಿಂದ ಹೆಚ್ಚಾಗಿ ನೇರ ಮುಂದಕ್ಕೇ ಹೋಗುತ್ತವೆ. ಕೇಬಲ್ 6 ಮೀಟರಿಗಿಂತ ಉದ್ದವಿದ್ದರೆ 3 ಮೀಟರಿನದು ಹಾಕಿ. ಕೇಬಲ್ ಉದ್ದವಾದಷ್ಟೂ ಮೇಲಿನ ಹೊಳಪು ಕಡಿಮೆಯಾಗುತ್ತದೆ. ಕೊನೆಗೆ, ಸಾಧ್ಯವಾದರೆ ಇನ್ನೊಬ್ಬರ ಆಂಪ್‌ನಲ್ಲಿ ಹತ್ತು ನಿಮಿಷ ನುಡಿಸಿ. ಅಲ್ಲಿ ಚೆನ್ನಾಗಿ ಕೇಳಿಸಿದರೆ ಬದಲಿಸಬೇಕಾದದ್ದು ಗಿಟಾರ್ ಅಲ್ಲ.

ಕೈಗೆ ಗಡುಸಾಗಿದ್ದರೆ, ಝರ್ ಅಂದರೆ

ಇದೇ ಮುಖ್ಯ ಭಾಗ. ಬೇಕಾದದ್ದು ಹೊಸ ತಂತಿ ಒಂದು ಸೆಟ್, ಟ್ಯೂನರ್, ಮಿಲಿಮೀಟರ್ ಪಟ್ಟಿ, ಗಿಟಾರ್ ಜೊತೆ ಬಂದ ಅಲೆನ್ ಕೀಗಳು, ಕೇಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್), ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು). ಗೇಜ್ ಇಲ್ಲದಿದ್ದರೆ ಸಾಮಾನ್ಯ ಪ್ರಿಂಟರ್ ಹಾಳೆ ಸಾಕು. ಒಂದರ ದಪ್ಪ ಸುಮಾರು 0.1 ಮಿ.ಮೀ.

ಅಂಗಡಿಯ ಗಿಟಾರ್‌ನ ತಂತಿಗಳನ್ನು ಎಷ್ಟೋ ಕೈಗಳು ಮುಟ್ಟಿರುತ್ತವೆ. ಅದೇ ದಪ್ಪದ ಹೊಸ ತಂತಿ ಹಾಕಿ; 9-42 (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಭಾಗಗಳಲ್ಲಿ) ಇದ್ದಲ್ಲಿ 10-46 ಹಾಕಿದರೆ ಎಳೆತ ಹೆಚ್ಚಿ ಮುಂದಿನ ಅಳತೆಗಳೆಲ್ಲ ಮತ್ತೆ ಬದಲಾಗುತ್ತವೆ. ಒಂದೊಂದಾಗಿ ಬದಲಿಸಿ, ಟ್ಯೂನಿಂಗ್ ಕೀಲಿಯ ಕಂಬಕ್ಕೆ ಎರಡು ಮೂರು ಸುತ್ತು ಬರಲಿ. ಶ್ರುತಿ ಮಾಡಿ, ಪ್ರತಿ ತಂತಿಯನ್ನೂ ಮೆಲ್ಲಗೆ ಮೇಲಕ್ಕೆಳೆದು ಮತ್ತೆ ಶ್ರುತಿ ಮಾಡಿ, ಅದು ನಿಲ್ಲುವ ತನಕ.

ಈಗ ನೆಕ್‌ನ ಬಾಗು. ಮೊದಲ ಫ್ರೆಟ್‌ಗೆ ಕೇಪೊ ಹಾಕಿ, ಆರನೇ ತಂತಿಯನ್ನು, ಅಂದರೆ ಎಲ್ಲಕ್ಕಿಂತ ದಪ್ಪದ್ದನ್ನು, ನೆಕ್ ದೇಹಕ್ಕೆ ಸೇರುವ ಕಡೆಯ ಫ್ರೆಟ್‌ನಲ್ಲಿ ಒತ್ತಿಹಿಡಿಯಿರಿ. ತಂತಿಯೇ ಈಗ ನೇರ ಪಟ್ಟಿಯಾಯಿತು. ಎಂಟನೇ ಫ್ರೆಟ್‌ನ ನೆತ್ತಿಗೂ ತಂತಿಯ ಅಡಿಗೂ ನಡುವೆ 0.25 ಮಿ.ಮೀ. ಸಂದು ಇರಬೇಕು. ಎರಡು ಹಾಳೆ ಸಲೀಸಾಗಿ ನುಸುಳಿ, ಮೂರನೆಯದು ಸೇರಿಸಿದಾಗ ತಂತಿ ಒಂದಿಷ್ಟು ಮೇಲೇಳುವಂತಿದ್ದರೆ ಸರಿ. ಐದಾರು ಹಾಳೆ ಹೋದರೆ ನೆಕ್ ಬಿಲ್ಲಿನಂತೆ ಮುಂದಕ್ಕೆ ಬಾಗಿದೆ. ತಂತಿ ಗಡುಸಾಗುವುದು ಇದರಿಂದಲೇ. ಒಂದೂ ಹೋಗದಿದ್ದರೆ ನೆಕ್ ತೀರಾ ನೇರವಾಗಿದೆ ಇಲ್ಲವೇ ಹಿಂದಕ್ಕೆ ಬಾಗಿದೆ, ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಝರ್ ಅನ್ನುವ ಸಾಧ್ಯತೆ ಹೆಚ್ಚು.

ಟ್ರಸ್ ರಾಡ್‌ಗೆ ಕೀ ತಳದವರೆಗೆ ಕೂತಿದೆಯೇ ನೋಡಿ. ಅರೆಬರೆ ಕೂತ ಕೀ ರಾಡ್‌ನ ತುದಿಯ ತಿರುಪಿನ ಮೂಲೆಗಳನ್ನು ಸವೆಸಿಬಿಟ್ಟರೆ ರಿಪೇರಿ ದುಬಾರಿ. ಕೀ ಹಾಕಿದ ಕಡೆಯಿಂದ ನೋಡುತ್ತ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಾಗು ಕಡಿಮೆಯಾಗುತ್ತದೆ, ಎದುರು ದಿಕ್ಕಿಗೆ ತಿರುಗಿಸಿದರೆ ಹೆಚ್ಚುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ತಿರುಗಿಸಿ, ಶ್ರುತಿ ಮಾಡಿ, ಅಳೆಯಿರಿ. ಮರ ಪೂರ್ತಿ ನೆಲೆಯಾಗಲು ಒಂದು ರಾತ್ರಿ ಹಿಡಿಯುವುದರಿಂದ ಮಾರನೇ ದಿನ ಇನ್ನೊಮ್ಮೆ ನೋಡಿ. ಬಲ ಹಾಕಿದರೂ ಅಲ್ಲಾಡದಿದ್ದರೆ ಅಲ್ಲೇ ನಿಲ್ಲಿಸಿ. ಅದು ಮಾರಿದವರು ಉತ್ತರಿಸಬೇಕಾದ ದೋಷ.

ಬಾಗು ಸರಿಯಾದ ಮೇಲಷ್ಟೇ ತಂತಿಯ ಎತ್ತರ ಮುಟ್ಟಬೇಕು, ಈ ಅನುಕ್ರಮ ತಪ್ಪಿದರೆ ಎರಡೆರಡು ಕೆಲಸ. ಕೇಪೊ ತೆಗೆದು 12ನೇ ಫ್ರೆಟ್‌ನ ನೆತ್ತಿಯಿಂದ ತಂತಿಯ ಅಡಿಗೆ ಅಳೆಯಿರಿ. ನಿಮ್ಮದು ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಮಾದರಿಯದಾದರೆ ಎರಡೂ ಅಂಚಿನ ತಂತಿಗಳಿಗೆ ಸುಮಾರು 1.6 ಮಿ.ಮೀ., ಗಿಬ್ಸನ್ ಕಂಪನಿಯ ಲೆಸ್ ಪಾಲ್ ಮಾದರಿಯದಾದರೆ ಆರನೇ ತಂತಿಗೆ 2 ಮತ್ತು ಒಂದನೆಯದಕ್ಕೆ 1.2 ಮಿ.ಮೀ. ಒಳ್ಳೆಯ ಆರಂಭ. ಎರಡು ಬ್ಯಾಂಕ್ ಕಾರ್ಡ್ ಜೋಡಿಸಿದರೆ ಹೆಚ್ಚುಕಡಿಮೆ ಒಂದೂವರೆ ಮಿ.ಮೀ. ಆಗುತ್ತದೆ, ಕಣ್ಣಳತೆಗೆ ಅದು ಸಾಕು. ಬ್ರಿಡ್ಜ್‌ನ (ದೇಹದ ಮೇಲೆ ತಂತಿಗಳು ಕೂರುವ ಲೋಹದ ಭಾಗ) ಸ್ಯಾಡಲ್ ಸ್ಕ್ರೂಗಳನ್ನು (ಸ್ಯಾಡಲ್ ಅಂದರೆ ಒಂದೊಂದು ತಂತಿಯ ಪೀಠ), ಇಲ್ಲವೇ ಬ್ರಿಡ್ಜ್ ಹೊತ್ತ ಎರಡು ಕಂಬಗಳನ್ನು, ಕಾಲು ಸುತ್ತಿನ ಲೆಕ್ಕದಲ್ಲಿ ಇಳಿಸಿ. ತೀರಾ ಇಳಿಸಿ ಝರ್ ಬಂದರೆ ಅರ್ಧ ಸುತ್ತು ಮೇಲಕ್ಕೆ. ಆಂಪ್ ಇಲ್ಲದೆ ಕೇಳಿಸುವ ಸಣ್ಣ ಝರ್ ಆಂಪ್‌ನಲ್ಲಿ ಕೇಳಿಸದಿದ್ದರೆ ಅದನ್ನು ಮರೆತುಬಿಡಿ.

ನಟ್, ಅಂದರೆ ತಲೆಯ ಕಡೆ ತಂತಿ ಕೂರುವ ಆ ಬಿಳಿ ಪಟ್ಟಿ, ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ಎತ್ತರ ಉಳಿಯುವುದು ತೀರಾ ಮಾಮೂಲು. ತಂತಿಯನ್ನು ಎರಡು ಮತ್ತು ಮೂರನೇ ಫ್ರೆಟ್ ನಡುವೆ ಒತ್ತಿ, ಮೊದಲ ಫ್ರೆಟ್ ಮೇಲಿನ ಸಂದನ್ನು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ಬೆಳಕು ಕಂಡರೆ ಸರಿ. ಬೆರಳಿಂದ ತಟ್ಟಿದಾಗ ತಂತಿ ಎದ್ದುಕಾಣುವಷ್ಟು ಕೆಳಕ್ಕೆ ಹೋದರೆ ನಟ್ ಎತ್ತರವಾಗಿದೆ. ಎಫ್ ಕಾರ್ಡ್ (ಹಲವು ತಂತಿ ಒಟ್ಟಿಗೆ ಒತ್ತುವ ಸ್ವರಗುಚ್ಛ) ಹಿಡಿಯಲು ಜೀವ ಹೋಗುತ್ತದೆ, ಬಿಟ್ಟ ತಂತಿ ಶ್ರುತಿಯಲ್ಲಿದ್ದರೂ ಮೊದಲ ಫ್ರೆಟ್‌ನ ಕಾರ್ಡ್‌ಗಳು ಏರಿದಂತೆ ಕೇಳಿಸುತ್ತವೆ. ಇದನ್ನು ಅರದಿಂದ ನೀವೇ ತೋಡಲು ಹೋಗಬೇಡಿ. ಒಂದು ಉಜ್ಜು ಹೆಚ್ಚಾದರೆ ಬಿಟ್ಟ ತಂತಿಯೇ ಝರ್ ಅನ್ನುತ್ತದೆ. ಕೈಪಳಗಿದ ರಿಪೇರಿಯವರಿಗೆ ಸಣ್ಣ ಕೆಲಸ.

ಒಂದೇ ಒಂದು ಜಾಗದಲ್ಲಿ ಝರ್ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿದೆ. ಬ್ಯಾಂಕ್ ಕಾರ್ಡಿನ ನೇರ ಅಂಚನ್ನು ಮೂರು ಫ್ರೆಟ್‌ಗಳ ಮೇಲೆ ಅಡ್ಡ ಇಟ್ಟು ಅದುಮಿದಾಗ ತಕ್ಕಡಿಯಂತೆ ಆಡಿದರೆ ನಡುವಿನದು ಎತ್ತರ. ಒಂದೆರಡು ಇದ್ದರೆ ರಿಪೇರಿ, ಎಲ್ಲೆಂದರಲ್ಲಿ ಇದ್ದರೆ ವಾಪಸ್.

ಶ್ರುತಿ ನಿಲ್ಲದಿದ್ದರೆ

ಹೊಸಬರ ಬೈಗುಳವೆಲ್ಲ ಟ್ಯೂನಿಂಗ್ ಕೀಲಿಗೆ ಬೀಳುತ್ತದೆ. ಆದರೆ ಶ್ರುತಿ ಮಾಡುವಾಗ "ಟಿಣ್" ಅನ್ನುವ ಸಣ್ಣ ಸದ್ದು ಬಂದು ಸ್ವರ ಒಮ್ಮೆಲೇ ಜಿಗಿದರೆ ಕಳ್ಳ ಇರುವುದು ನಟ್‌ನ ಸೀಳಿನಲ್ಲಿ, ತಂತಿ ಅಲ್ಲಿ ಸಿಕ್ಕಿಕೊಳ್ಳುತ್ತಿದೆ. ತಂತಿ ಸಡಿಲಿಸಿ, ಸೀಳಿನೊಳಗೆ ಮೆತ್ತನೆಯ ಪೆನ್ಸಿಲ್ ಮೊನೆಯಿಂದ ನಾಲ್ಕೈದು ಸಲ ಗೀಚಿ. ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ತನ್ನಿ.

ಟ್ರೆಮೊಲೊ (ಹಿಡಿಕೆ ಒತ್ತಿ ಸ್ವರ ಏರಿಳಿಸುವ, ಸ್ಪ್ರಿಂಗ್ ಮೇಲೆ ನಿಂತ ಬ್ರಿಡ್ಜ್) ಇರುವ ಗಿಟಾರ್‌ನಲ್ಲಿ ಒಂದು ತಂತಿ ಬಿಗಿದರೆ ಉಳಿದೈದೂ ಇಳಿಯುತ್ತವೆ. ಅದು ದೋಷವಲ್ಲ, ಅದರ ಸ್ವಭಾವ. ಆ ಹಿಡಿಕೆ ನಿಮಗೆ ಬೇಡವಾದರೆ ಬೆನ್ನಿನ ಮುಚ್ಚಳ ತೆಗೆದು ಸ್ಪ್ರಿಂಗ್ ಹಿಡಿದ ಎರಡು ಸ್ಕ್ರೂಗಳನ್ನು ಬಿಗಿ ಮಾಡಿ, ಬ್ರಿಡ್ಜ್ ದೇಹಕ್ಕೆ ಅಂಟಿ ಕೂರುವಂತೆ ಮಾಡಿ. ಆಮೇಲೆ ತಂತಿಯ ಎತ್ತರ ಮತ್ತೆ ಅಳೆಯಿರಿ.

12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರವೂ ಅಲ್ಲೇ ಹಗುರಾಗಿ ಮುಟ್ಟಿ ತೆಗೆದ ಹಾರ್ಮೋನಿಕ್ ಕೂಡ ಟ್ಯೂನರ್‌ನಲ್ಲಿ ಒಂದೇ ತೋರಿಸಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲನ್ನು ನೆಕ್‌ನಿಂದ ದೂರಕ್ಕೆ, ಇಳಿದಿದ್ದರೆ ನೆಕ್ ಕಡೆಗೆ ಸರಿಸಿ. ಹಳೆಯ ತಂತಿಯ ಮೇಲೆ ಈ ಕೆಲಸ ಮಾಡಿದರೆ ದಂಡ.

ಗುಂಯ್ ಸದ್ದು, ಪಿಕಪ್

ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ ಗುಂಯ್ ಅನ್ನುವುದು ಹುಟ್ಟುಗುಣ. ಕರೆಂಟಿನ ಕಂಪನವನ್ನೂ ಅದು ಹಿಡಿಯುತ್ತದೆ. ಗಿಬ್ಸನ್‌ನಲ್ಲಿದ್ದ ಸೆತ್ ಲವರ್ 1955ರಲ್ಲಿ ಎರಡು ಸುರುಳಿಯ ಹಂಬಕರ್ ಪಿಕಪ್‌ಗೆ ಪೇಟೆಂಟ್ ಅರ್ಜಿ ಹಾಕಿದ್ದು ಈ ಕಾಟ ತಪ್ಪಿಸಲೆಂದೇ. ಕೂತಲ್ಲೇ ಸ್ವಲ್ಪ ತಿರುಗಿ, ಕಂಪ್ಯೂಟರ್ ಮತ್ತು ಚಾರ್ಜರ್‌ನಿಂದ ದೂರ ಸರಿಯಿರಿ. ತಂತಿ ಮುಟ್ಟಿದಾಗ ಗುಂಯ್ ತಗ್ಗಿದರೆ ಗಿಟಾರ್ ಒಳಗಿನ ಅರ್ಥ್ ತಂತಿ ಸರಿಯಿದೆ. ಮುಟ್ಟಿದಾಗ ಕೈ ಜುಮ್ ಅಂದರೆ ತಕ್ಷಣ ಆಂಪ್‌ನ ಪ್ಲಗ್ ಕಿತ್ತು, ಆಂಪ್ ಮತ್ತು ಸಾಕೆಟ್‌ನ ಅರ್ಥಿಂಗ್ ಪರೀಕ್ಷಿಸುವ ತನಕ ನುಡಿಸಬೇಡಿ.

ಸ್ವರ ಅಲೆಅಲೆಯಾಗಿ ತೇಲಿದಂತೆ, ಒಂದೇ ತಂತಿಯಲ್ಲಿ ಎರಡು ಸ್ವರ ಕೇಳಿದಂತಿದ್ದರೆ ಪಿಕಪ್ ತೀರಾ ಹತ್ತಿರವಿದ್ದು ಅಯಸ್ಕಾಂತ ತಂತಿಯನ್ನು ಎಳೆಯುತ್ತಿದೆ. ಕೊನೆಯ ಫ್ರೆಟ್ ಒತ್ತಿಹಿಡಿದು ಅಳೆದಾಗ ಸಿಂಗಲ್ ಕಾಯಿಲ್‌ಗೆ ದಪ್ಪ ತಂತಿಯ ಕಡೆ 2.4, ಸಣ್ಣದರ ಕಡೆ 2 ಮಿ.ಮೀ., ಹಂಬಕರ್‌ಗೆ ಎರಡೂ ಕಡೆ 1.6 ಮಿ.ಮೀ. ಆಸುಪಾಸು ಇಡಿ. ಗುಂಡಿ ತಿರುಗಿಸಿದಾಗ ಕರಕರ ಬಂದರೆ ಒಳಗೆ ಧೂಳು; ಹತ್ತಿಪ್ಪತ್ತು ಸಲ ಪೂರ್ತಿ ತಿರುಗಿಸಿದರೆ ಎಷ್ಟೋ ಸಲ ಹೋಗುತ್ತದೆ.

ಗಿಟಾರ್ ಸರಿಯಿದೆ, ನಿಮಗೆ ಸರಿಯಿಲ್ಲ

ಕೆಲವನ್ನು ಯಾವ ಕೀಯೂ ತಿದ್ದುವುದಿಲ್ಲ. ನೆಕ್ ಅಂಗೈಗೆ ದಪ್ಪ, ತೂಕ 4.5 ಕಿಲೋ, ಬೆಲ್ಟ್ ಹಾಕಿ ಕೈಬಿಟ್ಟರೆ ತಲೆ ನೆಲದತ್ತ ಬೀಳುತ್ತದೆ. ಎಂಟು ಸೆಂ.ಮೀ. ಅಗಲದ ಒರಟು ಚರ್ಮದ ಬೆಲ್ಟ್ ತೂಕವನ್ನೂ ಜಾರುವುದನ್ನೂ ಸ್ವಲ್ಪ ಸಹಿಸಿಕೊಳ್ಳುತ್ತದೆ, ನೆಕ್‌ನ ದಪ್ಪಕ್ಕೆ ಮಾತ್ರ ಮದ್ದಿಲ್ಲ. 25.5 ಇಂಚಿನ ಸ್ಕೇಲ್‌ನಲ್ಲಿ (ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಉದ್ದ) ಅದೇ ತಂತಿ 24.75 ಇಂಚಿನದಕ್ಕಿಂತ ಸುಮಾರು ಶೇ. 6ರಷ್ಟು ಬಿಗಿ; ಸ್ವರ ಬಾಗಿಸಲು ಕಷ್ಟವಾದರೆ ಒಂದು ಅಳತೆ ತೆಳು ತಂತಿ ಹಾಕಿದರೆ ಆ ವ್ಯತ್ಯಾಸ ತುಂಬಿ ಮಿಗುತ್ತದೆ. ಈ ಹೊಂದಾಣಿಕೆಯೆಲ್ಲ ಮುಗಿದ ಮೇಲೂ ನಾಲ್ಕು ದಿನ ಅರ್ಧರ್ಧ ಗಂಟೆ ನುಡಿಸಿ, ಪ್ರತಿದಿನ ಕೈ ನೋಯುವ ಜಾಗ ಒಂದೇ ಆಗಿದ್ದರೆ ಆ ಆಕಾರ ನಿಮ್ಮದಲ್ಲ.

ಇವು ಕಂಡರೆ ನಾಲ್ಕು ದಿನವೂ ಬೇಡ: ಬ್ರಿಡ್ಜ್ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದಾಗ ಹಗ್ಗ ಹೊಸೆದಂತೆ ತಿರುಚಿದ ನೆಕ್, ತಲೆ ಮತ್ತು ನೆಕ್ ಸೇರುವಲ್ಲಿ ಬಿರುಕು, ಒಂದನೇ ತಂತಿ ಫ್ರೆಟ್‌ಬೋರ್ಡಿನ ಅಂಚಿನಿಂದ ಜಾರಿಬೀಳುವಷ್ಟು ಓರೆಯಾಗಿ ಕೂತ ನೆಕ್.

ವಾಪಸ್ ಕಳಿಸುವಾಗ ದೋಷವನ್ನು ಅಳತೆಯಲ್ಲೇ ಬರೆಯಿರಿ: "ಚೆನ್ನಾಗಿಲ್ಲ" ಅನ್ನುವ ಬದಲು "9ನೇ ಫ್ರೆಟ್ ಎತ್ತರ, ಬಾಗು 0.25 ಮಿ.ಮೀ. ಇದ್ದರೂ 8ರಲ್ಲಿ ಝರ್" ಅಂದರೆ ವಾದಕ್ಕೆ ಜಾಗ ಇರುವುದಿಲ್ಲ. ವೀಡಿಯೊ ಜೊತೆಗಿಡಿ. ತಂತಿಗಳನ್ನು ಎರಡು ಸುತ್ತು ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ತಂತಿ ಮತ್ತು ಫ್ರೆಟ್ ನಡುವೆ ಒಂದು ಹಾಳೆ ಇಡಿ. ತಲೆಯ ಕೆಳಗೂ ಮೇಲೂ ಬಟ್ಟೆಯನ್ನೋ ಕಾಗದದ ಉಂಡೆಯನ್ನೋ ಬಿಗಿಯಾಗಿ ತುಂಬಿ. ಸಾಗಣೆಯಲ್ಲಿ ಮುರಿಯುವುದು ಹೆಚ್ಚಾಗಿ ಅಲ್ಲೇ. ಪೆಟ್ಟಿಗೆ ಮುಚ್ಚಿ ಅಲ್ಲಾಡಿಸಿ ನೋಡಿ, ಒಳಗೆ ಏನಾದರೂ ಕದಲಿದ ಸದ್ದು ಬಂದರೆ ಮತ್ತೆ ತೆರೆದು ತುಂಬಿ.