ಬೊನೇರ್‌ನಲ್ಲಿ ಡೈವ್ ಮಾಡೋಕೆ ಹೊರಟಿದ್ದೀರಾ? ಮೊದ್ಲು ವಾಪಸ್ ಬರೋ ದಾರಿ ನೋಡ್ಕೊಳ್ಳಿ

ಮುರುಡೇಶ್ವರದಿಂದ ಬೋಟ್ ಹತ್ತಿ ನೇತ್ರಾಣಿಲಿ ಡೈವಿಂಗ್ ಕಲ್ತವ್ರಿಗೆ ಒಂದು ಅಭ್ಯಾಸ ಆಗ್ಬಿಟ್ಟಿರುತ್ತೆ. ಬೋಟ್‌ನವ್ರು ಕರ್ಕೊಂಡು ಹೋಗ್ತಾರೆ, ಗೈಡ್ ಮುಂದೆ ಹೋಗ್ತಾನೆ, ನಾವು ಮೀನು ನೋಡ್ಕೊಂಡು ಹಿಂದೆ ಹೋಗೋದು, ಮೇಲೆ ಬಂದ್ರೆ ಬೋಟ್ ಅಲ್ಲೇ ನಿಂತಿರುತ್ತೆ. ಬೊನೇರ್‌ನಲ್ಲಿ ದಡದಿಂದ ಇಳಿಯೋವ್ರಿಗೆ ಇದ್ಯಾವ್ದೂ ಇಲ್ಲ. ವೆನೆಜುವೆಲಾದಿಂದ ಸುಮಾರು 80 ಕಿಲೋಮೀಟರ್ ದೂರದ ಈ ಪುಟ್ಟ ಡಚ್ ದ್ವೀಪದಲ್ಲಿ ಒಂದು ಪಿಕಪ್ ಗಾಡಿ ಬಾಡಿಗೆಗೆ ತಗೊಂಡು, ಹಿಂದೆ ಸಿಲಿಂಡರ್ ತುಂಬ್ಕೊಂಡು, ರಸ್ತೆ ಬದಿ ಹಳದಿ ಬಣ್ಣ ಬಳಿದ ಕಲ್ಲು ಕಂಡ ಕಡೆ ನಿಲ್ಲಿಸಿ ನೀರಿಗೆ ಇಳಿಯೋದು ಅಷ್ಟೇ, ಕಲ್ಲಿನ ಮೇಲೆ ಆ ಡೈವ್ ಸೈಟ್ ಹೆಸರು ಬರ್ದಿರುತ್ತೆ. ಕೇಳೋಕೆ ಮಜಾ. ಆದ್ರೆ ಎಲ್ಲಿ ಇಳೀಬೇಕು, ಎಲ್ಲಿ ತಿರುಗಬೇಕು, ಎಲ್ಲಿ ಹತ್ತಬೇಕು ಅನ್ನೋದೆಲ್ಲ ನಿಮ್ಮ ತಲೆನೋವೇ. ಇಳಿಯೋದು ಯಾರಾದ್ರೂ ಇಳೀತಾರೆ. ಅದಕ್ಕೇ ನಾನು ಈಗ ಪ್ಲ್ಯಾನನ್ನ ಹಿಂದುಮುಂದು ಮಾಡ್ತೀನಿ, ಅಂದ್ರೆ ವಾಪಸ್ ಬರೋದನ್ನ ಮೊದ್ಲು ಲೆಕ್ಕ ಹಾಕಿ ಆಮೇಲೆ ಹೋಗೋದ್ರ ಬಗ್ಗೆ ಯೋಚ್ನೆ.

ಕಾಗದದ ಕೆಲ್ಸ ಮೊದ್ಲು ಮುಗ್ಸಿ. ದ್ವೀಪಕ್ಕೆ ಕಾಲಿಡೋಕೆ 75 ಡಾಲರ್ ಪ್ರವೇಶ ತೆರಿಗೆ, ನೀರಿಗಿಳಿಯೋಕೆ 40 ಡಾಲರ್ ನೇಚರ್ ಫೀ, ಎರಡನ್ನೂ ಆನ್‌ಲೈನ್‌ನಲ್ಲೇ ಕಟ್ಬಹುದು. ಸುತ್ತಲಿನ ಕಡಲೆಲ್ಲ 1979ರಿಂದ ಮರೀನ್ ಪಾರ್ಕ್, ನೋಡ್ಕೊಳ್ಳೋದು ಸ್ಟಿನಾಪಾ ಅನ್ನೋ ಸಂಸ್ಥೆ. ಮೊದಲನೇ ದಿನ ಡೈವ್ ಶಾಪ್‌ನಲ್ಲಿ ನಿಯಮ ಹೇಳಿ, ದಡದ ಹತ್ರನೇ ಒಂದು ಚೆಕ್‌ಔಟ್ ಡೈವ್, ಅಂದ್ರೆ ಪರೀಕ್ಷೆಯ ಡೈವ್ ಮಾಡಿಸ್ತಾರೆ, ಆಮೇಲೇ ಸ್ವಂತಕ್ಕೆ ಬಿಡೋದು. ಗ್ಲೌಸ್ ಹಾಕೋ ಹಾಗಿಲ್ಲ, ಏನನ್ನೂ ಮುಟ್ಟೋ ಹಾಗಿಲ್ಲ. 2023ರಿಂದ ಹವಳದ ಕಾಯಿಲೆಯೊಂದು ಅಲ್ಲಿಗೂ ಬಂದಿದೆ, ಅದಕ್ಕೇ ಗೇರ್ ತೊಳೆಯೋ ವಿಷಯದಲ್ಲಿ ಶಾಪ್‌ನವ್ರು ಹೇಳಿದ ಹಾಗೇ ಮಾಡಿ, ಸೋಮಾರಿತನ ಬೇಡ.

ಇನ್ನು ಗಾಳಿ. ವರ್ಷದಲ್ಲಿ ಹೆಚ್ಚು ದಿನ ಪೂರ್ವದಿಂದನೇ ಬೀಸುತ್ತೆ, ಹಾಗಾಗಿ ಪೂರ್ವ ದಡ ಅಬ್ಬರ, ಪಶ್ಚಿಮ ದಡ ಕೆರೆ ಇದ್ದ ಹಾಗೆ. ಹಳದಿ ಕಲ್ಲುಗಳೂ ಹೆಚ್ಚುಕಮ್ಮಿ ಎಲ್ಲಾ ಪಶ್ಚಿಮದಲ್ಲೇ. ಅಪರೂಪಕ್ಕೆ ಗಾಳಿ ತಿರುಗಿದ್ರೆ ಮಾತ್ರ ಕಥೆ ಬೇರೆ. 1999ರಲ್ಲಿ ಲೆನ್ನಿ ಚಂಡಮಾರುತ ಪಶ್ಚಿಮ ಕಡೆಯಿಂದ ಅಲೆ ತಂದು ಆ ಕೆರೆಯಂಥ ದಡದ ಹವಳಾನೇ ಪುಡಿ ಮಾಡಿತ್ತು. ಬೆಳಿಗ್ಗೆ ಎದ್ದ ತಕ್ಷಣ ಕಾಫಿಗೂ ಮೊದ್ಲು ಗಾಳಿ ಯಾವ ಕಡೆಯಿಂದ ಇದೆ ನೋಡಿ, ಪಶ್ಚಿಮದ್ದು ಅಂದ್ರೆ ಅವತ್ತು ರಜಾ.

ದಡದಿಂದ ಇಳಿಯೋ ಡೈವ್‌ಗೆ ಬರೋಣ. ಅಲ್ಲಿ ಮರಳಿನ ಬೀಚ್ ಕಡಿಮೆ, ಚೂಪು ಸುಣ್ಣಕಲ್ಲು, ಸತ್ತ ಹವಳದ ಚೂರು, ಸಂದಿಯಲ್ಲಿ ಸೀ ಅರ್ಚಿನ್, ಮೈಯೆಲ್ಲಾ ಮುಳ್ಳು. ತಳ ಗಟ್ಟಿ ಇರೋ ಬೂಟ್ ಇಲ್ದೆ ಹೋಗ್ಬೇಡಿ. ಮಾಸ್ಕ್ ಮುಖದ ಮೇಲೆ, ಉಸಿರು ಎಳೆಯೋ ರೆಗ್ಯುಲೇಟರ್ ಬಾಯಲ್ಲಿ, ತೇಲಿಸೋ ಜಾಕೆಟ್‌ಗೆ ಗಾಳಿ, ಇಷ್ಟೂ ಆದ್ಮೇಲೇ ನೀರಿಗೆ ಕಾಲಿಡಿ, ಯಾಕಂದ್ರೆ ಜಾರೋದು ಮೊಣಕಾಲುದ್ದ ನೀರಲ್ಲೇ. ಐದು ನಿಮಿಷ ನಿಂತು ಅಲೆ ನೋಡಿ. ಹತ್ತೋ ಜಾಗ ಕಷ್ಟ ಅನ್ಸಿದ್ರೆ ಇಳೀಲೇಬೇಡಿ, ಮುಂದಿನ ಕಲ್ಲು ಅಲ್ಲೇ ಸ್ವಲ್ಪ ದೂರದಲ್ಲಿ ಇದ್ದೇ ಇರುತ್ತೆ. ಮುಳುಗೋಕೆ ಮುಂಚೆ ತಿರುಗಿ ದಡ ನೋಡಿ, ಗಾಡಿ, ಕಲ್ಲು, ಹಿಂದೆ ಇರೋ ಮರ, ಕಂಬ ಏನಾದ್ರೂ ಗುರುತು ಇಟ್ಕೊಳ್ಳಿ. ರೀಫ್ (ಹವಳದ ದಿಬ್ಬ) ಅಂಚು ಸಿಕ್ಕ ಜಾಗದಲ್ಲಿ ಕಣ್ಣಿಗೆ ಹೊಡೆಯೋ ಹವಳ ಒಂದನ್ನ ನೆನಪಿಟ್ಕೊಳ್ಳಿ, ಅದೇ ನಿಮ್ಮ ಬಾಗಿಲು. ನೀರಿನ ಸೆಳೆತಕ್ಕೆ ಎದುರಾಗಿ ಶುರು ಮಾಡಿ, ದಕ್ಷಿಣಕ್ಕೆ ಹೋದ್ರೆ ದಡದ ಕಡೆಯ ರೀಫ್ ಇಳಿಜಾರು ಎಡಗಡೆ, ಬರುವಾಗ ಬಲಗಡೆ, ಇಷ್ಟು ಸಾಕು.

ಗಾಡೀಲಿ ಏನೂ ಬಿಡ್ಬೇಡಿ. ಅಲ್ಲಿ ಎಲ್ರೂ ಕಿಟಕಿ ಇಳಿಸಿ, ಲಾಕ್ ಹಾಕ್ದೆ ಹೋಗ್ತಾರೆ, ಒಡೆದು ನೋಡೋ ಶ್ರಮ ಕಳ್ಳನಿಗೆ ಬೇಡ ಅಂತ. ಫೋನು, ಪರ್ಸು ರೂಮಲ್ಲೇ ಇರಲಿ.

ಉತ್ತರಕ್ಕೆ ಹೋಗೋವ್ರು ಒಂದು ತಿಳ್ಕೊಳ್ಳಿ, 1000 ಸ್ಟೆಪ್ಸ್ ಅನ್ನೋ ಸೈಟ್‌ನಲ್ಲಿ ಸಾವಿರ ಮೆಟ್ಟಿಲೇನೂ ಇಲ್ಲ, ಎಪ್ಪತ್ತರ ಆಸುಪಾಸು, ಡೈವ್ ಮುಗ್ಸಿ ಸಿಲಿಂಡರ್ ಹೊತ್ತು ಹತ್ತುವಾಗ ಮಾತ್ರ ಆ ಹೆಸರು ಸರಿಯಾಗೇ ಇದೆ ಅನ್ಸುತ್ತೆ. ಅಲ್ಲಿಂದ ಕರ್‌ಪಾಟಾ ಅನ್ನೋ ಸೈಟ್ ಕಡೆಗೆ ಹೋಗೋ ಕಡಲ ಬದಿ ರಸ್ತೆ ಒನ್‌ವೇ. ಸೈಟ್ ದಾಟಿ ಹೋದ್ರೆ ರಿಂಕಾನ್ ಊರು ಸುತ್ಕೊಂಡು ಬರ್ಬೇಕು, ನಾವು ಮೊದಲನೇ ದಿನ ಅದನ್ನೂ ಮಾಡಿದ್ವಿ.

ಈಗ ಮುಳುಗಿದ ಹಡಗು. ಹಿಲ್ಮಾ ಹೂಕರ್, 72 ಮೀಟರ್ ಉದ್ದದ ಸರಕು ಹಡಗು. 1984ರಲ್ಲಿ ಎಂಜಿನ್ ಕೆಟ್ಟು ಬೊನೇರ್‌ಗೆ ಬಂತು, ಹುಡುಕಿದ್ರೆ ಒಳಗೆ ಸುಳ್ಳು ಗೋಡೆ ಹಿಂದೆ ರಾಶಿ ಗಾಂಜಾ! ವಾರಸುದಾರ ಯಾರೂ ಬರ್ಲಿಲ್ಲ, ನೀರು ಸೋರ್ತಾ ಸೋರ್ತಾ ಸೆಪ್ಟೆಂಬರ್ 12ಕ್ಕೆ ಮುಳುಗೇ ಹೋಯ್ತು. ಈಗ ಎರಡು ರೀಫ್‌ಗಳ ನಡುವಿನ ಮರಳಲ್ಲಿ ಬಲಮಗ್ಗುಲಾಗಿ ಮಲ್ಗಿದೆ, ಮೇಲಿನ ಮೈ ಸುಮಾರು 18 ಮೀಟರ್‌ಗೆ, ಮರಳು 30ಕ್ಕೆ.

ಇಲ್ಲಿ ಗ್ಯಾಸ್ ಲೆಕ್ಕ, ಅಂದ್ರೆ ಸಿಲಿಂಡರ್ ಗಾಳಿಯ ಲೆಕ್ಕ, ಹಾಕ್ದೆ ಇಳೀಬೇಡಿ. "50 ಬಾರ್ ಇದ್ದಾಗ ಮೇಲೆ ಬಾ" ಅನ್ನೋದು ಇಲ್ಲಿ ಸಾಕಾಗಲ್ಲ (ಬಾರ್ ಅಂದ್ರೆ ಒತ್ತಡದ ಅಳತೆ), ಯಾಕೆ ಅಂತ ನೋಡಿ. ಮಾಮೂಲಿ ಅಲ್ಯೂಮಿನಿಯಂ ಸಿಲಿಂಡರ್ 11.1 ಲೀಟರ್, 200 ಬಾರ್ ಅಂದ್ರೆ ಸುಮಾರು 2,200 ಲೀಟರ್ ಗಾಳಿ. ಮೇಲೆ ನಿಮಿಷಕ್ಕೆ 18 ಲೀಟರ್ ಎಳೆಯೋನು 30 ಮೀಟರ್‌ನಲ್ಲಿ, ಅಲ್ಲಿ ಒತ್ತಡ ನಾಲ್ಕು ಪಟ್ಟು ಆದ್ದರಿಂದ, 72 ಲೀಟರ್ ಎಳೀತಾನೆ, ಅಂದ್ರೆ ನಿಮಿಷಕ್ಕೆ ಆರೂವರೆ ಬಾರ್ ಖಾಲಿ. ಈಗ ಜೊತೆಗಾರನ ಗಾಳಿ ಮುಗೀತು ಅಂದ್ಕೊಳ್ಳಿ. ಗಾಬರಿಲಿ ಇಬ್ರೂ ಸೇರಿ ನಿಮಿಷಕ್ಕೆ 50 ಲೀಟರ್ ಎಳೀತಾರೆ, ತಳದಲ್ಲಿ ಒಂದು ನಿಮಿಷಕ್ಕೆ 200, ನಿಧಾನ ಮೇಲೆ ಬರೋಕೆ ಮೂರು ನಿಮಿಷ, ಅದಕ್ಕೆ 410ರಷ್ಟು, 5 ಮೀಟರ್‌ನಲ್ಲಿ ಸೇಫ್ಟಿ ಸ್ಟಾಪ್ ಅಂತ ಮೂರು ನಿಮಿಷ ನಿಲ್ಲೋಕೆ 225, ಒಟ್ಟು 835, ಅಂದ್ರೆ 75 ಬಾರ್. ಇದು ಮುಟ್ಟಬಾರದ ಗಂಟು. ಇಳಿಯೋಕೆ 10 ಬಾರ್ ಹೋಯ್ತು ಅಂದ್ರೆ ತಳದಲ್ಲಿ ನಿಮಗೆ ಸಿಗೋದು 17 ನಿಮಿಷ, ಅದ್ರಲ್ಲೂ ದಡಕ್ಕೆ ಈಜೋಕೆ ಬೇಕಲ್ಲ, ಹಾಗಾಗಿ ನಾನು 12 ನಿಮಿಷಕ್ಕೇ ಮೇಲಿನ ಮೈ ಕಡೆ ಬಂದುಬಿಡ್ತೀನಿ. 18 ಮೀಟರ್‌ನಲ್ಲಿ ಖರ್ಚು ನಿಮಿಷಕ್ಕೆ ನಾಲ್ಕೂವರೆ ಬಾರ್, ನೋಡೋದೂ ಅಲ್ಲೇ ಜಾಸ್ತಿ ಇದೆ. ಹೋಗುವಾಗ ಸ್ನಾರ್ಕೆಲ್ ಹಾಕಿ ಮೇಲೇ ಈಜ್ಕೊಂಡು ಬೋಯ್ (ತೇಲೋ ಗುರುತು) ತನಕ ಹೋಗಿ, ಅದರ ಹಗ್ಗ ಹಿಡಿದ ಹಾಗೆ ಕೆಳಗೆ ಇಳೀರಿ, ವಾಪಸ್ ಬರುವಾಗ ರೀಫ್ ಹತ್ತುತ್ತಾ ಬನ್ನಿ, ಸೇಫ್ಟಿ ಸ್ಟಾಪ್ ಹವಳ ನೋಡ್ತಾನೇ ಮುಗಿಯುತ್ತೆ.

ನೈಟ್ರಾಕ್ಸ್ (ಆಮ್ಲಜನಕ ಜಾಸ್ತಿ ಇರೋ ಗಾಳಿ) ತಗೊಳ್ಳೋವ್ರು 32 ಪರ್ಸೆಂಟ್ ತಗೊಳ್ಳಿ, ಆಮ್ಲಜನಕದ ಒತ್ತಡ 1.4 ಬಾರ್ ದಾಟಬಾರದು ಅನ್ನೋ ಲೆಕ್ಕದಲ್ಲಿ ಅದರ ಮಿತಿ ಸುಮಾರು 33 ಮೀಟರ್. 36 ಪರ್ಸೆಂಟ್ ಆದ್ರೆ 29 ಮೀಟರ್‌ಗೂ ಚೂರು ಮುಂಚೆನೇ ಮುಗೀತು, ಈ ಹಡಗಿನ ಮರಳಿಗೆ ಅದು ಆಗಲ್ಲ. ಸಿಲಿಂಡರ್ ನೀವೇ ಅನಲೈಜ್ ಮಾಡಿ, ಬೇರೆಯವ್ರು ಬರೆದಿಟ್ಟ ನಂಬರ್ ನಂಬ್ಬೇಡಿ. ಹಡಗಿನ ಒಳಗೆ ಹೋಗೋದಾ? ಟ್ರೈನಿಂಗ್ ಇಲ್ಲ ಅಂದ್ರೆ ಇಲ್ಲ. ಇನ್ನೊಂದು, ಡೈವ್ ಬೋಟ್‌ಗಳು ಬರೋಕೆ ಮುಂಚೆ ಬೆಳಿಗ್ಗೆನೇ ಹೋಗಿ, ದಿನದ ಆಳದ ಡೈವ್ ಮೊದಲನೇದಾಗಿರೋದೂ ಒಳ್ಳೇದೇ.

ಕಯಾಕ್‌ನಲ್ಲಿ, ಅಂದ್ರೆ ಹುಟ್ಟು ಹಾಕೋ ಪುಟ್ಟ ದೋಣೀಲಿ ಡೈವ್‌ಗೆ ಹೋಗೋದ್ರ ಬಗ್ಗೆ ನಾನು ಸ್ವಲ್ಪ ಜಾಸ್ತಿನೇ ಹೇಳ್ತೀನಿ, ತಿಂದ ಪೆಟ್ಟು ಇದೆ. ಬೊನೇರ್‌ನ ಮುಖ್ಯ ಊರು ಕ್ರಾಲೆಂಡೈಕ್ ಎದುರಿಗೇ ಯಾರೂ ವಾಸ ಇಲ್ಲದ ಕ್ಲೈನ್ ಬೊನೇರ್ ದ್ವೀಪ ಇದೆ, ಹತ್ತಿರದ ಜಾಗದಲ್ಲಿ ಅಂತರ 800 ಮೀಟರ್ ಅಷ್ಟೇ. ಆದ್ರೆ ಅದಿರೋದು ಪಶ್ಚಿಮಕ್ಕೆ, ಗಾಳಿ ಬೆನ್ನಿಗೆ. ಹೋಗುವಾಗ ಹುಟ್ಟು ಹಾಕ್ಬೇಕಾದ್ದೇ ಇಲ್ಲ ಅನ್ನೋ ಹಾಗೆ ಹೋಗ್ಬಿಡ್ತೀರ, ನಾನೂ ಬೀಗ್ತಾ ಹೋಗಿದ್ದೆ, ಎರಡು ಡೈವ್ ಆದ್ಮೇಲೆ ಅದೇ ಗಾಳಿಗೆ ಎದುರಾಗಿ ಬರುವಾಗ ಅರ್ಧ ದಾರೀಲಿ ಭುಜ ಬಿದ್ದೋಯ್ತು. ಡೈವ್ ಆದ ತಕ್ಷಣ ಹಾಗೆ ಮೈಮುರಿದು ದುಡಿಯೋದು ಡಿಕಂಪ್ರೆಷನ್ (ಮೈಯಲ್ಲಿ ಕರಗಿದ ನೈಟ್ರೋಜನ್ ಹೊರಗೆ ಹೋಗೋದು) ದೃಷ್ಟಿಯಿಂದಲೂ ಒಳ್ಳೇದಲ್ಲ. ದ್ವೀಪದ ಬದಿ ತಪ್ಪಿ ಜಾರಿದ್ರೆ ಮುಂದೆ ಬರೀ ತೆರೆದ ಕಡಲು. ಅದಕ್ಕೆ ಮೊದಲ ಸಲ ದೊಡ್ಡ ದ್ವೀಪದ ದಡಕ್ಕೆ ಅಂಟ್ಕೊಂಡೇ ಹೋಗಿ, ಗಾಡಿ ನಿಲ್ಲಿಸೋಕಾಗದ ಸೈಟ್‌ಗಳಿಗೆ. ಕ್ಲೈನ್‌ಗೆ ಡೈವ್ ಬೋಟ್ ಹತ್ತಿ, ನಾಚಿಕೆ ಏನೂ ಇಲ್ಲ. ಹೋಗ್ಲೇಬೇಕು ಅಂದ್ರೆ ಖಾಲಿ ಕಯಾಕ್‌ನಲ್ಲಿ ಮೊದ್ಲು ಗಾಳಿಗೆ ಎದುರಾಗಿ ಹತ್ತು ನಿಮಿಷ ಹುಟ್ಟು ಹಾಕಿ ನೋಡಿ, ಎಷ್ಟು ಮುಂದೆ ಹೋದ್ರಿ ಅನ್ನೋದ್ರಲ್ಲೇ ಉತ್ತರ ಇರುತ್ತೆ.

ಲಂಗರು ಹಾಕೋದು ಬೇಡ, ಹವಳ ಒಡೆಯುತ್ತೆ, ಮೂರಿಂಗ್ ಬೋಯ್‌ಗೇ ಕಟ್ಟಿ, ಗಂಟು ಎರಡು ಸಲ ನೋಡಿ. ಗೇರ್ ಎಲ್ಲಾ ಹಗ್ಗಕ್ಕೆ ಕ್ಲಿಪ್ ಆಗಿರಲಿ. ಜಾಕೆಟ್‌ಗೆ ಗಾಳಿ ತುಂಬಿ ಸಿಲಿಂಡರ್ ಸಮೇತ ನೀರಿಗೆ ತಳ್ಳಿ, ನೀವು ಇಳಿದು ಅಲ್ಲೇ ಹಾಕ್ಕೊಳ್ಳಿ. ವಾಪಸ್ ಹತ್ತುವಾಗ ಮೊದ್ಲು ವೇಟ್ಸ್ (ಮುಳುಗೋಕೆ ಕಟ್ಕೊಂಡ ಭಾರ) ಬಿಚ್ಚಿ ಮೇಲೆ ಇಡಿ, ಆಮೇಲೆ ಜಾಕೆಟ್ ಬಿಚ್ಚಿ ಕ್ಲಿಪ್ ಮಾಡಿ, ಫಿನ್ಸ್ ಮಾತ್ರ ಕೊನೆತನಕ ಕಾಲಲ್ಲೇ ಇರಲಿ, ಜೋರಾಗಿ ಒದ್ದು ಹೊಟ್ಟೆ ಮೇಲೆ ಹತ್ತೋಕೆ ಅದೇ ಗತಿ. ಇದನ್ನ ಮೊದ್ಲು ದಡದ ಹತ್ರ ಎದೆಮಟ್ಟದ ನೀರಲ್ಲಿ ನಾಲ್ಕು ಸಲ ಮಾಡಿ. ಸಿಳ್ಳೆ, ಮಾರ್ಕರ್ ಬೋಯ್, ಕುಡಿಯೋ ನೀರು ಮರೀಬೇಡಿ, ಎಷ್ಟು ಗಂಟೆಗೆ ವಾಪಸ್ ಅಂತ ದಡದಲ್ಲಿ ಒಬ್ರಿಗೆ ಹೇಳಿ ಹೋಗಿ.

ಕೊನೆ ದಿನದ್ದೂ ಹಿಂದಿನಿಂದಲೇ ಲೆಕ್ಕ. ದಿನಾ ಎರಡು ಮೂರು ಡೈವ್ ಮಾಡಿದವ್ರು ವಿಮಾನ ಹತ್ತೋಕೆ ಕನಿಷ್ಠ 18 ಗಂಟೆ ಮುಂಚೆ ನೀರು ಬಿಡ್ಬೇಕು, ನಾನು ಪೂರಾ ಒಂದು ದಿನ ಬಿಡ್ತೀನಿ. ಅವತ್ತು ಗೇರ್ ಒಣಗಿಸಿಟ್ಟು ದಕ್ಷಿಣಕ್ಕೆ ಗಾಡಿ ಬಿಟ್ರೆ ಗುಲಾಬಿ ಬಣ್ಣದ ಉಪ್ಪಿನ ಗದ್ದೆಗಳು, ದೂರದಲ್ಲಿ ಫ್ಲೆಮಿಂಗೋಗಳು. ಅಲ್ಲೇ ಹಡಗಿಗೆ ಉಪ್ಪು ತುಂಬೋ ಸಾಲ್ಟ್ ಪಿಯರ್‌ನಲ್ಲಿ ಹಡಗು ನಿಂತಿದ್ರೆ ಡೈವ್ ಬಂದ್, ಬೇರೆಯವ್ರು ಸಿಲಿಂಡರ್ ಹೊತ್ತು ಬಂದು ಮುಖ ಸಪ್ಪಗೆ ಮಾಡ್ಕೊಂಡು ಹೋಗೋದನ್ನ ನೋಡ್ಕೊಂಡು ಕೂತ್ಕೋಬಹುದು.